ದಮ್ಮು ಹತ್ತಿದವರಿಗೆ ಸಲೈನ್ ಏರಿಸುವ ಮುನ್ನ

ಹಳ್ಳಿಯ ದವಾಖಾನೆಗೆ ಬರುವ ರೋಗಿಗಳ ಪೈಕಿ ವೈದ್ಯನನ್ನು ಅತಿ ಹೆಚ್ಚು ಗೊಂದಲಕ್ಕೆ ಈಡುಮಾಡುವವರು ಯಾರು ಗೊತ್ತೆ? ಜ್ವರದವರಲ್ಲ, ಹೊಟ್ಟೆನೋವಿನವರೂ ಅಲ್ಲ. ‘ದಮ್ಮು ಹತ್ತೈತ್ರಿ’ ಎಂದು ಏದುಸಿರು ಬಿಡುತ್ತ ಬರುವವರು. ದಮ್ಮು ಎಂಬ ಈ ಒಂದೇ ಶಬ್ದದೊಳಗೆ ಆಸ್ತಮಾ ಇದೆ, ನ್ಯುಮೋನಿಯಾ ಇದೆ, ರಕ್ತಹೀನತೆ ಇದೆ, ಮೂತ್ರಪಿಂಡದ ಕಾಯಿಲೆ ಇದೆ, ಬರಿಯ ಹೆದರಿಕೆಯೂ ಇದೆ. ಇವೆಲ್ಲದರ ನಡುವೆ ಹೃದಯದ ಕಾಯಿಲೆ ಅಡಗಿ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. ಚಿಕಿತ್ಸೆ ಮಾತ್ರ ಒಂದಕ್ಕೊಂದು ತದ್ವಿರುದ್ಧ.

ನಮ್ಮ ಪಾಮನಕಲ್ಲೂರು, ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಜನರಿಗೆ ಸಲೈನ್ ಬಾಟ್ಲಿಯ ಮೇಲಿರುವ ನಂಬಿಕೆ ಮನೆದೇವರ ಮೇಲೂ ಇರಲಿಕ್ಕಿಲ್ಲ. ಹತ್ತಿ ಬಿಡಿಸಿ ದಣಿದ ಹೆಣ್ಣುಮಗಳಿಗೆ ಬಾಟ್ಲಿ ಬೇಕು, ಊಟ ಸೇರದ ಮುದುಕನಿಗೆ ಬಾಟ್ಲಿ ಬೇಕು. ‘ಭಾಳ ಸುಸ್ತಾಗ್ಯಾಳ್ರಿ ಸಾಹೇಬ್ರ, ಒಂದು ಗ್ಲೂಕೋಸ್ ಹಚ್ಚಿಬಿಡ್ರಿ’ ಎಂದು ಜೊತೆಗೆ ಬಂದವರೇ ಔಷಧವನ್ನು ನಿರ್ಧರಿಸಿಬಿಡುತ್ತಾರೆ. ಹಚ್ಚದಿದ್ದರೆ ಡಾಕ್ಟರು ಸರಿಯಿಲ್ಲವೆಂದು ಮುಂದಿನ ಊರಿಗೆ ಹೋಗುತ್ತಾರೆ. ಅಲ್ಲಿ ಹಚ್ಚುವವರು ಇದ್ದೇ ಇರುತ್ತಾರೆ.

ವಾಂತಿ-ಭೇದಿಯಾಗಿ ಮೈಯೊಳಗಿನ ನೀರು ಬತ್ತಿದವರಿಗೆ, ಸೋಂಕು ನಂಜಾಗಿ ರಕ್ತದೊತ್ತಡ ಕುಸಿದವರಿಗೆ ಈ ಬಾಟ್ಲಿ ಪ್ರಾಣ ಉಳಿಸುತ್ತದೆ, ಸುಳ್ಳಲ್ಲ. ಆದರೆ ಹೃದಯದ ಬಲ ಕುಂದಿ ದಮ್ಮು ಹತ್ತಿದವರ ಮಾತೇ ಬೇರೆ. ಹೃದಯವೊಂದು ಪಂಪು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ತಳ್ಳುವ ಶಕ್ತಿ ಕುಗ್ಗಿದಾಗ ರಕ್ತ ಹಿಂದೆ, ಅಂದರೆ ಶ್ವಾಸಕೋಶಗಳಲ್ಲಿ ನಿಲ್ಲತೊಡಗುತ್ತದೆ. ಅದರೊಳಗಿನ ನೀರು ಗಾಳಿಯ ಚೀಲಗಳಿಗೆ ಜಿನುಗುತ್ತದೆ. ರೋಗಿಗೆ ಅಂಗಾತ ಮಲಗಲು ಆಗುವುದಿಲ್ಲ. ಎದ್ದು ಕೂತು, ಕಿಟಕಿಯ ಕಡೆ ಮುಖ ಮಾಡಿ ಉಸಿರೆಳೆಯುತ್ತಾನೆ. ಅಂಥವನ ನರದೊಳಗೆ ಮತ್ತೊಂದು ಲೀಟರು ಉಪ್ಪುನೀರು ಬಿಡುವುದೆಂದರೆ ದಂಡೆ ಮುಟ್ಟಿ ಹರಿಯುತ್ತಿರುವ ಕಾಲುವೆಗೆ ಇನ್ನೊಂದು ತೂಬು ತೆರೆದಂತೆ. ಅವನಿಗೆ ಬೇಕಾದದ್ದು ನೀರನ್ನು ಹೊರಹಾಕುವ ಮೂತ್ರವರ್ಧಕ ಇಂಜೆಕ್ಷನ್ನು, ಆಮ್ಲಜನಕ, ಮತ್ತು ಮಲಗಿಸದೆ ಕೂರಿಸುವುದು.

ಈ ಇಬ್ಬರನ್ನೂ ಬೇರ್ಪಡಿಸುವುದು ಹೇಗೆ? ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟ ಉಪಾಯಗಳಿವೆ. ಕತ್ತಿನ ರಕ್ತನಾಳ ಉಬ್ಬಿದೆಯೇ ನೋಡಬೇಕು, ಕಾಲಿನ ಬಾವನ್ನು ಒತ್ತಿ ಕುಳಿ ಬೀಳುವುದೇ ನೋಡಬೇಕು, ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತಾರೆಂದು ಕೇಳಬೇಕು, ಎದೆಗೆ ಸ್ಟೆತೊಸ್ಕೋಪು ಇಟ್ಟು ಆಲಿಸಬೇಕು. ಇವು ಇಂದಿಗೂ ಹಳತಾಗಿಲ್ಲ. ಸರಿಯಾಗಿ ಕೇಳಿಸಿಕೊಳ್ಳುವ ವೈದ್ಯನಿಗೆ ಅರ್ಧ ರೋಗ ಅಲ್ಲಿಯೇ ಗೊತ್ತಾಗುತ್ತದೆ. ಉಳಿದರ್ಧದ ಪ್ರಶ್ನೆ ದೊಡ್ಡದು. ಮೂವತ್ತು ವರ್ಷ ಒಲೆಯ ಹೊಗೆ ಕುಡಿದ ಅಜ್ಜಿಯ ಎದೆಯಲ್ಲಿ ಆಸ್ತಮಾದ ಸುಯ್ಲಿನಂಥ ಸದ್ದೂ ಇರುತ್ತದೆ, ಹೃದಯದ ದೌರ್ಬಲ್ಯವೂ ಇರುತ್ತದೆ. ಹೊರಗೆ ಮಕ್ಕಳ ಅಳು, ರಸ್ತೆಯಲ್ಲಿ ಟ್ರ್ಯಾಕ್ಟರು. ಈ ಗದ್ದಲದಲ್ಲಿ ಕವಾಟದ ಸಣ್ಣ ಮರ್ಮರ ಶಬ್ದವನ್ನು ಹಿಡಿಯುವ ಕಿವಿ ಎಲ್ಲರಿಗೂ ಇರುವುದಿಲ್ಲ. ಆಗ ನಾವು ಬರೆಯುವ ಚೀಟಿ ಒಂದೇ: ‘ಎಕೋ ಮಾಡಿಸಿಕೊಂಡು ಬನ್ನಿ.’

ಎಕೋ ಎಂದರೆ ಹೃದಯದ ಸ್ಕ್ಯಾನಿಂಗು. ಈ ಚೀಟಿಯನ್ನು ಬರೆಯುವುದು ಸುಲಭ, ಪಾಲಿಸುವುದು ಕಷ್ಟ. ಹೃದಯ ತಜ್ಞರು ವಾರಕ್ಕೊಮ್ಮೆ ಬರುವ ಪಟ್ಟಣದ ನರ್ಸಿಂಗ್ ಹೋಮಿಗೆ ಹೋಗಬೇಕು, ಇಲ್ಲವೇ ರಾಯಚೂರಿಗೋ ಬಳ್ಳಾರಿಗೋ ಕಲಬುರಗಿಗೋ ಬಸ್ಸು ಹತ್ತಬೇಕು. ರೋಗಿಯ ಜೊತೆ ಒಬ್ಬರು. ಇಬ್ಬರ ಒಂದು ದಿನದ ಕೂಲಿ ಹೋಯಿತು. ಬಿತ್ತನೆಯ ಕಾಲವಾದರೆ ‘ಮುಂದಿನ ವಾರ’ ಎನ್ನುತ್ತಾರೆ. ಆ ಮುಂದಿನ ವಾರ ಕೆಲವರ ಪಾಲಿಗೆ ಬರುವುದೇ ಇಲ್ಲ. ನಡುರಾತ್ರಿ ದಮ್ಮು ಹತ್ತಿದವರಿಗಂತೂ ಈ ಚೀಟಿಯಿಂದ ಯಾವ ಉಪಯೋಗವೂ ಇಲ್ಲ.

ಇಲ್ಲಿಯೇ ಹಾಸಿಗೆಯ ಪಕ್ಕದ ಸ್ಕ್ಯಾನಿಂಗಿನ ವಿಷಯ ಬರುವುದು. ಸ್ಕ್ಯಾನಿಂಗ್ ಯಂತ್ರವೆಂದರೆ ಬೀರುವಿನಷ್ಟು ದೊಡ್ಡದು, ಅದಕ್ಕೆ ಏರ್‌ಕಂಡೀಷನ್ ಕೋಣೆ ಬೇಕು ಎಂಬ ಕಾಲ ಹೋಯಿತು. ಈಗ ಲ್ಯಾಪ್‌ಟಾಪಿನಷ್ಟು ಚಿಕ್ಕ ಯಂತ್ರಗಳಿವೆ. ಮೊಬೈಲ್ ಫೋನಿಗೆ ಜೋಡಿಸಿ ನೋಡುವ, ಅಂಗೈಯಲ್ಲಿ ಹಿಡಿಯುವಂಥವೂ ಬಂದಿವೆ. ಇಂಥ ಚಿಕ್ಕದೊಂದರ ಬೆಲೆ ಹೊಸ ಟ್ರ್ಯಾಕ್ಟರಿಗಿಂತ ಕಡಿಮೆ. ರೋಗಿಯನ್ನು ಯಂತ್ರದ ಬಳಿಗೆ ಒಯ್ಯುವ ಬದಲು ಯಂತ್ರವೇ ರೋಗಿಯ ಮಂಚದ ಬಳಿಗೆ ಬರುತ್ತದೆ.

ಇದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಮಾತ್ರ ಕೇಳಿಸುತ್ತದೆ. ಹೃದಯದ ಸ್ಕ್ಯಾನಿಂಗಿಗೆ ಬಳಸುವ ಧ್ವನಿ ಸೆಕೆಂಡಿಗೆ 20ರಿಂದ 40 ಲಕ್ಷ ಕಂಪನಗಳದ್ದು. ಈ ಶ್ರವಣಾತೀತ ಧ್ವನಿ ಮೈಯೊಳಗೆ ಹೋಗಿ, ಹೃದಯದ ಗೋಡೆ, ಕವಾಟ, ರಕ್ತ ಇವುಗಳಿಗೆ ತಾಗಿ ಪ್ರತಿಧ್ವನಿಯಾಗಿ ಮರಳುತ್ತದೆ. ಮರಳಿದ ಧ್ವನಿಯನ್ನು ಯಂತ್ರ ಚಿತ್ರವಾಗಿ ಮಾಡಿ ತೋರಿಸುತ್ತದೆ. ಎಕ್ಸ್-ರೇಯಂತೆ ಇದರಲ್ಲಿ ವಿಕಿರಣ ಇಲ್ಲ. ಬಸುರಿಯರಿಗೂ ಮಕ್ಕಳಿಗೂ ಮಾಡಬಹುದು. ಎಲುಬು ಮತ್ತು ಗಾಳಿಯನ್ನು ಮಾತ್ರ ಈ ಧ್ವನಿ ದಾಟಲಾರದು. ಆದ್ದರಿಂದಲೇ ತಣ್ಣನೆಯ ಜೆಲ್ ಹಚ್ಚಿ, ಎಡಮಗ್ಗುಲಿಗೆ ಹೊರಳಿಸಿ, ಪಕ್ಕೆಲುಬುಗಳ ಸಂದಿಯಲ್ಲಿ ಹುಡುಕುತ್ತ ನೋಡುತ್ತಾರೆ. ಸೀರೆಯುಟ್ಟ ಹಿರಿಯ ಹೆಣ್ಣುಮಕ್ಕಳಿಗೆ ಇದು ಮುಜುಗರದ ಸಂಗತಿ. ಜೊತೆಗೊಬ್ಬ ನರ್ಸ್ ಇರಲೇಬೇಕು, ಮೇಲೊಂದು ಬಟ್ಟೆ ಹೊದಿಸಬೇಕು. ಇಷ್ಟನ್ನು ಕೇಳುವ ಹಕ್ಕು ನಿಮಗಿದೆ.

ಇದರ ಹುಟ್ಟಿನ ಕತೆ ಸ್ವಾರಸ್ಯವಾಗಿದೆ. ಸ್ವೀಡನ್ ದೇಶದ ಲುಂಡ್ ಎಂಬ ಊರಿನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯ ಹಾಗೂ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ 1953ರಲ್ಲಿ ಮೊದಲ ಬಾರಿಗೆ ಜೀವಂತ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು. ಅದಕ್ಕೆ ಅವರು ಬಳಸಿದ್ದು ಆಸ್ಪತ್ರೆಯ ಯಂತ್ರವನ್ನಲ್ಲ! ಲೋಹದೊಳಗಿನ ಬಿರುಕು ಪತ್ತೆಮಾಡಲು ಹಡಗು ಕಟ್ಟುವ ಕಾರ್ಖಾನೆಯವರು ಬಳಸುತ್ತಿದ್ದಂಥ ಉಪಕರಣವನ್ನು. ಎಡ್ಲರ್ ಅವರಿಗೆ ಅದು ಏಕೆ ಬೇಕಾಯಿತೆಂದರೆ, ಹೃದಯದ ಎಡಭಾಗದ ದ್ವಿದಳ ಕವಾಟ ಕಿರಿದಾದ ರೋಗಿಗಳಲ್ಲಿ ಶಸ್ತ್ರಕ್ರಿಯೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಮೊದಲೇ ತಿಳಿಯುವ ದಾರಿ ಇರಲಿಲ್ಲ. ಸ್ವೀಡನ್ನಿನಂಥ ದೇಶಗಳಲ್ಲಿ ಆ ರೋಗ ಈಗ ಅಪರೂಪ. ನಮ್ಮಲ್ಲಿ ಹಾಗಲ್ಲ. ಯಾವ ರೋಗಕ್ಕಾಗಿ ಈ ವಿದ್ಯೆ ಹುಟ್ಟಿತೋ ಆ ರೋಗ ನಮ್ಮ ಕೂಲಿಕಾರರ ಓಣಿಗಳಲ್ಲಿ ಇನ್ನೂ ಉಳಿದಿದೆ. ವಿದ್ಯೆ ಮಾತ್ರ ಜಿಲ್ಲಾ ಕೇಂದ್ರದಿಂದ ಈಚೆಗೆ ಬರಲು ತಡಮಾಡುತ್ತಿದೆ.

ಆ ರೋಗದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. 5ರಿಂದ 15 ವರ್ಷದ ಮಕ್ಕಳಿಗೆ ಒಂದು ಜಾತಿಯ ರೋಗಾಣುವಿನಿಂದ ಗಂಟಲು ನೋವು ಬರುತ್ತದೆ. ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ನಂತರ ಜ್ವರ ಬಂದು ಕೀಲುಗಳು ಊದಿಕೊಳ್ಳುತ್ತವೆ. ಇಂದು ಮೊಣಕಾಲು, ನಾಳೆ ಮಣಿಕಟ್ಟು. ಇದೇ ರುಮ್ಯಾಟಿಕ್ ಜ್ವರ. ಕೀಲುನೋವು ತಾನಾಗಿಯೇ ಮಾಯವಾಗುವುದರಿಂದ ಮನೆಯವರು ಮರೆತುಬಿಡುತ್ತಾರೆ. ಆದರೆ ಜ್ವರ ಹೃದಯದ ಕವಾಟದ ಮೇಲೆ ಗಾಯದ ಕಲೆ ಬಿಟ್ಟುಹೋಗಿರುತ್ತದೆ. ಕವಾಟ ದಪ್ಪವಾಗಿ, ಅಂಚುಗಳು ಅಂಟಿಕೊಂಡು, ವರ್ಷಗಳ ಮೇಲೆ ಕಿರಿದಾಗುತ್ತ ಹೋಗುತ್ತದೆ. ಹುಡುಗಿ ಬೆಳೆಯುತ್ತಾಳೆ, ಮದುವೆಯಾಗುತ್ತದೆ, ಬಸುರಿಯಾಗುತ್ತಾಳೆ. ಬಸಿರಿನಲ್ಲಿ ಮೈಯೊಳಗಿನ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಅಷ್ಟನ್ನು ಆ ಕಿರಿದಾದ ಬಾಗಿಲು ದಾಟಿಸಲಾರದು. ಐದಾರು ತಿಂಗಳಾಗುತ್ತಿದ್ದಂತೆ ನಾಲ್ಕು ಹೆಜ್ಜೆಗೆ ತೇಕು, ರಾತ್ರಿ ಕೆಮ್ಮು. ‘ಬಸುರ್ಯಾಗ ದಮ್ಮು ಇರೋದ, ಬಿಡ್ರಿ’ ಎಂದು ಅತ್ತೆಯೂ ಹೇಳುತ್ತಾಳೆ, ತಾಯಿಯೂ ಹೇಳುತ್ತಾಳೆ. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದೂ ಉಂಟು. ಹೆರಿಗೆಯ ಹೊತ್ತಿಗೆ ಶ್ವಾಸಕೋಶಗಳಲ್ಲಿ ನೀರು ತುಂಬಿ ಆಕೆಯನ್ನು 108 ವಾಹನಕ್ಕೆ ಹಾಕಿ ಓಡುತ್ತೇವೆ.

ಅದೇ ಹೆಣ್ಣುಮಗಳಿಗೆ ನಾಲ್ಕನೆಯ ತಿಂಗಳಲ್ಲಿ ಒಮ್ಮೆ ಎದೆಯ ಮೇಲೆ ಸ್ಕ್ಯಾನಿಂಗ್ ಮಾಡಿದ್ದರೆ? ಕಿರಿದಾದ ದ್ವಿದಳ ಕವಾಟ ಕಲಿತ ಕಣ್ಣಿಗೆ ಸಾಮಾನ್ಯವಾಗಿ ಎದ್ದು ಕಾಣುವಂಥದು. ಮಡಿಸಿದ ಮೊಣಕಾಲಿನಂತೆ ಬಾಗಿ, ಅರ್ಧವಷ್ಟೇ ತೆರೆದುಕೊಳ್ಳುತ್ತಿರುತ್ತದೆ. ಎಷ್ಟು ಕಿರಿದು ಎಂದು ಅಳೆಯುವುದು ತಜ್ಞರ ಕೆಲಸ. ಏನೋ ಕೆಟ್ಟಿದೆ ಎಂದು ಸಂಶಯಪಟ್ಟು ಕೂಡಲೇ ಕಳಿಸುವುದು ತಾಲ್ಲೂಕಿನ ವೈದ್ಯನಿಂದ ಆಗುವ ಕೆಲಸ. ಈ ಕವಾಟವನ್ನು ಎದೆ ಕೊಯ್ಯದೆಯೇ, ತೊಡೆಸಂದಿನ ರಕ್ತನಾಳದ ಮೂಲಕ ಬಲೂನು ತೂರಿಸಿ ಅಗಲಿಸುವ ಚಿಕಿತ್ಸೆ ಇದೆ. ಬೇಕಾದರೆ ಬಸುರಿಯಲ್ಲಿಯೂ ಅದನ್ನು ಮಾಡುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾದದ್ದು. ಅದರ ಶಾಖೆ 2016ರಿಂದ ನಮ್ಮ ಕಲಬುರಗಿಯಲ್ಲಿಯೇ ಇದೆ. ಬಾಗಿಲು ಹತ್ತಿರ ಬಂದಿದೆ, ಆದರೆ ಆ ಬಾಗಿಲಿಗೆ ಯಾರನ್ನು ಕಳಿಸಬೇಕೆಂದು ಇಲ್ಲಿ ಗೊತ್ತಾಗಬೇಕಲ್ಲ?

ಹಾಸಿಗೆಯ ಪಕ್ಕದ ಸ್ಕ್ಯಾನಿಂಗು ತಜ್ಞರ ಪೂರ್ಣ ಎಕೋ ಅಲ್ಲ ಎಂಬುದನ್ನು ಸ್ಪಷ್ಟ ಮಾಡಬೇಕು. ಪೂರ್ಣ ಎಕೋಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಹತ್ತಾರು ಅಳತೆಗಳಿರುತ್ತವೆ. ಇದು ಐದು ನಿಮಿಷದ ನೋಟ. ಕೇಳುವ ಪ್ರಶ್ನೆಗಳೂ ಬೆರಳೆಣಿಕೆಯಷ್ಟು. ಉತ್ತರ ಹೌದು ಅಥವಾ ಅಲ್ಲ. ಪಂಪು ಜೋರಾಗಿ ಹಿಂಡುತ್ತಿದೆಯೋ, ಸೋತು ಅಲುಗುತ್ತಿದೆಯೋ? ಹೃದಯದ ಸುತ್ತಲಿನ ಚೀಲದಲ್ಲಿ ನೀರು ನಿಂತಿದೆಯೇ? ಬಲಭಾಗ ಹಿಗ್ಗಿದೆಯೇ? ಹೊಟ್ಟೆಯಿಂದ ಹೃದಯಕ್ಕೆ ರಕ್ತ ತರುವ ಮಹಾಸಿರೆ ತುಂಬಿ ನಿಂತಿದೆಯೋ, ಉಸಿರೆಳೆದಾಗ ಮುಚ್ಚಿಕೊಳ್ಳುವಷ್ಟು ಬರಿದಾಗಿದೆಯೋ? ಕವಾಟ ಕಣ್ಣಿಗೆ ಕಾಣುವಷ್ಟು ಕೆಟ್ಟಿದೆಯೇ? ಇಷ್ಟೇ. 2014ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಇದಕ್ಕೆ ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿದಾಗಲೂ ಒತ್ತಿ ಹೇಳಿದ್ದು ಇದನ್ನೇ: ಇದು ಸೀಮಿತ ಪ್ರಶ್ನೆಗಳಿಗೆ ಸೀಮಿತ ಉತ್ತರ, ಪೂರ್ಣ ಎಕೋಗೆ ಬದಲಿಯಲ್ಲ. ಮಹಾಸಿರೆಯ ಒಂದೇ ಚಿತ್ರ ನೋಡಿ ಸಲೈನ್ ಬೇಕು, ಬೇಡ ಎಂದು ತೀರ್ಪು ಕೊಡುವುದೂ ಸಲ್ಲದು. ಹೃದಯದ ಹಿಂಡುವಿಕೆ, ಶ್ವಾಸಕೋಶದಲ್ಲಿನ ನೀರಿನ ಗುರುತು, ರೋಗಿಯ ಒಟ್ಟು ಸ್ಥಿತಿ ಎಲ್ಲವನ್ನೂ ಕೂಡಿಸಿ ನೋಡಬೇಕು.

ಇದರ ಬೆಲೆ ನನಗೆ ಗೊತ್ತಾದದ್ದು ಹಿಂದೆ ದೊಡ್ಡ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿದ್ದಾಗ. ನಡುವಯಸ್ಸಿನ ಒಬ್ಬ ತಾಯಿಯನ್ನು ತಂದಿದ್ದರು. ಬೇರೆಡೆ ಎರಡು ತಿಂಗಳು ಆಸ್ತಮಾ ಎಂದು ಔಷಧ ನಡೆದಿತ್ತು. ನಾಡಿ ಎಳೆಯಂತೆ ಸಣ್ಣಗಾಗಿತ್ತು, ಕತ್ತಿನ ನರ ಉಬ್ಬಿತ್ತು, ಎದೆಯ ಬಡಿತ ದೂರದಿಂದ ಕೇಳಿದಂತೆ ಮಂದ. ಹಿರಿಯ ವೈದ್ಯರು ಚಿಕ್ಕ ಯಂತ್ರವನ್ನು ಮಂಚದ ಬಳಿಗೆ ಎಳೆದು ತಂದು ಎದೆಗೂಡಿನ ಕೆಳಗೆ ಇಟ್ಟರು. ಪರದೆಯ ಮೇಲೆ ಕಪ್ಪನೆಯ ನೀರಿನ ನಡುವೆ ಹೃದಯ ತೇಲಾಡುತ್ತಿತ್ತು. ಸೂಜಿ ಹಾಕಿ ಆ ನೀರನ್ನು ತೆಗೆಯತೊಡಗಿದ ಸ್ವಲ್ಪ ಹೊತ್ತಿಗೆಲ್ಲ ಆಕೆ ಉದ್ದಕ್ಕೆ ಉಸಿರೆಳೆದುಕೊಂಡರು. ಕಾರಣ ಕ್ಷಯರೋಗ. ನಮ್ಮ ದೇಶದಲ್ಲಿ ಹೃದಯದ ಚೀಲದಲ್ಲಿ ನೀರು ತುಂಬುವುದಕ್ಕೆ ಅದೊಂದು ಮುಖ್ಯ ಕಾರಣ. ಆರು ತಿಂಗಳ ಕ್ಷಯದ ಔಷಧದಿಂದ ಅವರು ಗುಣವಾದರು. ಸ್ಟೆತೊಸ್ಕೋಪೊಂದರಿಂದಲೇ ಇದನ್ನು ಖಚಿತವಾಗಿ ಹೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ನೀರು ಎಲ್ಲಿದೆ, ಎಷ್ಟಿದೆ ಎಂದು ತಿಳಿಯದೆ ಸೂಜಿ ಹಾಕುವುದಂತೂ ದೂರದ ಮಾತು.

ಇಷ್ಟು ಓದಿದ ಮೇಲೆ ‘ಹಾಗಾದರೆ ನಾವೂ ಒಮ್ಮೆ ಹೃದಯದ ಸ್ಕ್ಯಾನ್ ಮಾಡಿಸಿಬಿಡೋಣ’ ಎಂದು ನಿಮಗನ್ನಿಸಬಹುದು. ತಡೆಯಿರಿ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಬಳಿಕ ಆರೋಗ್ಯವಾಗಿದ್ದ ತರುಣರೆಲ್ಲ ಹೃದಯ ಪರೀಕ್ಷೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತರು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸೇರಿದ್ದನ್ನು ಪತ್ರಿಕೆಗಳಲ್ಲಿ ನೀವೇ ನೋಡಿದ್ದೀರಿ. ಅವರ ಭಯ ಅರ್ಥವಾಗುವಂಥದು. ಆದರೆ ಎಕೋ ನೋಡುವುದು ಹೃದಯದ ಗೋಡೆ ಮತ್ತು ಕವಾಟಗಳನ್ನು. ಹೃದಯಕ್ಕೇ ರಕ್ತ ಕೊಡುವ ಸಣ್ಣ ಧಮನಿಗಳಲ್ಲಿ ಕೊಬ್ಬು ಕಟ್ಟಿಕೊಂಡಿರುವುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಆಂಜಿಯೋಗ್ರಾಂ ಇದೆ, ಅದೂ ಎಲ್ಲರಿಗೂ ಬೇಕಿಲ್ಲ. ಇಂದು ‘ಎಕೋ ನಾರ್ಮಲ್’ ಎಂಬ ಕಾಗದ ಜೇಬಿನಲ್ಲಿಟ್ಟುಕೊಂಡವನಿಗೆ ಮುಂದಿನ ತಿಂಗಳು ಹೃದಯಾಘಾತ ಆಗಬಾರದೆಂದಿಲ್ಲ. ಆ ಕಾಗದವನ್ನು ನಂಬಿ ಬೀಡಿ ಸೇದುವುದನ್ನು, ಗುಟ್ಕಾ ಅಗಿಯುವುದನ್ನು ಮುಂದುವರಿಸಿದರೆ ಪರೀಕ್ಷೆ ಮಾಡಿಸದೇ ಇದ್ದದ್ದೇ ಒಳ್ಳೆಯದಿತ್ತು ಎನ್ನಬೇಕಾಗುತ್ತದೆ.

ಎದೆಯ ನಡುವೆ ಹಿಂಡಿದಂಥ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಇವುಗಳಿದ್ದಾಗ ಮೊದಲು ಬೇಕಾದದ್ದು ಸ್ಕ್ಯಾನಿಂಗ್ ಅಲ್ಲ, ಇ.ಸಿ.ಜಿ. ಅದೂ ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ. ಪುನೀತ್ ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ 2023ರಲ್ಲಿ ತಂದ ಹೃದಯ ಜ್ಯೋತಿ ಯೋಜನೆಯ ಉದ್ದೇಶ ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರಿಂದ ಕೂಡಲೇ ಓದಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುವುದು. ಎದೆನೋವು ಬಂದಾಗ ಎಕೋ ಹುಡುಕಿಕೊಂಡು ದೂರದ ಪಟ್ಟಣಕ್ಕೆ ಹೋಗಿ ಸಮಯ ಕಳೆಯಬೇಡಿ.

ಈ ಯೋಜನೆ ನೋಡಿದಾಗಲೆಲ್ಲ ನನಗೆ ಅನ್ನಿಸುವುದುಂಟು. ಎದೆನೋವಿಗೆ ಇಂಥದೊಂದು ವ್ಯವಸ್ಥೆ ತಾಲ್ಲೂಕಿಗೆ ಬರಲು ಸಾಧ್ಯವಾದರೆ, ದಮ್ಮಿಗೂ ಏಕೆ ಬರಬಾರದು? ಮಸ್ಕಿ, ಲಿಂಗಸುಗೂರು, ಸಿಂಧನೂರಿನಂಥ ಊರುಗಳ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ಕೋಣೆಯಲ್ಲಿ ಹೃದಯ ನೋಡುವ ಒಂದು ಚಿಕ್ಕ ಯಂತ್ರ, ಅದನ್ನು ಬಳಸಲು ಕಲಿತ ವೈದ್ಯರು ಎಲ್ಲ ಪಾಳಿಯಲ್ಲೂ ಇರಬೇಕು. ಚಿತ್ರವನ್ನು ರಾಯಚೂರಿಗೋ ಕಲಬುರಗಿಗೋ ಕಳಿಸಿ ತಜ್ಞರ ಮಾತು ಕೇಳುವ ಏರ್ಪಾಡು ಇರಬೇಕು. ದುಡ್ಡಿನ ಕೊರತೆ ಇದಕ್ಕೆ ದೊಡ್ಡ ಅಡ್ಡಿಯೆಂದು ನಾನು ಒಪ್ಪುವುದಿಲ್ಲ. ಅಡ್ಡಿ ಎರಡಿವೆ, ಒಂದು ಕಾನೂನಿನ ಭಯ, ಇನ್ನೊಂದು ತರಬೇತಿ.

ಕಾನೂನಿನ ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಗರ್ಭಸ್ಥ ಶಿಶುವಿನ ಲಿಂಗ ಪತ್ತೆಯನ್ನು ತಡೆಯುವ ಕಾಯಿದೆ 1994ರಲ್ಲಿ ಆಯಿತು, 1996ರಿಂದ ಜಾರಿಗೆ ಬಂತು, 2003ರಲ್ಲಿ ಬಿಗಿಯಾಯಿತು. ಶಿಶುವನ್ನು ನೋಡಬಲ್ಲ ಯಾವುದೇ ಸ್ಕ್ಯಾನಿಂಗ್ ಯಂತ್ರವನ್ನು ಇಡಲು ನೋಂದಣಿ ಕಡ್ಡಾಯ. ಹೃದಯಕ್ಕಷ್ಟೇ ಬಳಸುತ್ತೇನೆ ಎಂದರೂ ಬಿಡುವಂತಿಲ್ಲ. ಕೈಯಲ್ಲಿ ಒಯ್ಯುವ ಯಂತ್ರಗಳಿಗೆ 2012ರಲ್ಲಿ ಇನ್ನಷ್ಟು ಕಟ್ಟು ಬಿತ್ತು: ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ ಮಾತ್ರ ಬಳಸಬೇಕು, ಇಲ್ಲವೇ ಹಲವು ಸೇವೆಗಳಿರುವ ನೋಂದಾಯಿತ ಸಂಚಾರಿ ಆಸ್ಪತ್ರೆಯ ಭಾಗವಾಗಿರಬೇಕು. ವೈದ್ಯ ಅದನ್ನು ಚೀಲದಲ್ಲಿಟ್ಟುಕೊಂಡು ಮನೆಮನೆಗೆ ಹೋಗುವಂತಿಲ್ಲ.

ಹೃದಯದ ಯಂತ್ರಕ್ಕೆ ವಿನಾಯಿತಿ ಕೊಡಿ ಎಂದು ನನ್ನ ಕೆಲವು ವೈದ್ಯ ಮಿತ್ರರು ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು. 2001ಕ್ಕೆ ಅದು 927ಕ್ಕೆ ಇಳಿಯಿತು. ಆ ಕೊರತೆಯಲ್ಲಿ ಸ್ಕ್ಯಾನಿಂಗ್ ಯಂತ್ರದ ಪಾಲೂ ಇದೆ, ಅದನ್ನು ಹಿಡಿದ ವೈದ್ಯನ ಕೈಯೂ ಇದೆ. ಅಷ್ಟು ದೂರ ಏಕೆ, 2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಎದೆಯ ಮೇಲಿಡುವ ಅದೇ ಹಿಡಿಯನ್ನು ಒಂದು ಗೇಣು ಕೆಳಗೆ ಇಳಿಸಿದರೆ ಗರ್ಭ ಕಾಣುತ್ತದೆ. ಕಾನೂನು ಅಪನಂಬಿಕೆಯಿಂದ ನೋಡುತ್ತಿದ್ದರೆ ಅದಕ್ಕೆ ಕಾರಣ ನಾವೇ ಕೊಟ್ಟಿದ್ದೇವೆ.

ಆದರೆ ಕಾನೂನು ಯಂತ್ರವನ್ನು ನಿಷೇಧಿಸಿಲ್ಲ, ಲೆಕ್ಕ ಕೇಳುತ್ತದೆ ಅಷ್ಟೆ. ಸರ್ಕಾರಿ ಆಸ್ಪತ್ರೆಯ ನೋಂದಾಯಿತ ಆವರಣದಲ್ಲಿ, ಮಂಚಕ್ಕೆ ಬಿದ್ದ ರೋಗಿಗೆ, ದಾಖಲೆ ಪುಸ್ತಕದಲ್ಲಿ ಹೊತ್ತು ಮತ್ತು ಕಾರಣ ಬರೆದು ಬಳಸುವುದಕ್ಕೆ ದಾರಿ ಇದೆ. ಬೀಗ ಹಾಕಿ ಇಡಲಿ, ತಿಂಗಳಿಗೊಮ್ಮೆ ಅಧಿಕಾರಿಗಳು ಬಂದು ಪುಸ್ತಕ ನೋಡಲಿ. ಕಾಗದಪತ್ರದ ತೊಂದರೆ ಯಾಕೆಂದು ಯಂತ್ರವನ್ನೇ ತರಿಸದಿರುವುದು, ಬಂದ ಯಂತ್ರಕ್ಕೆ ಹೊದಿಕೆ ಹೊದಿಸಿ ಇಡುವುದು ಮಾತ್ರ ಸರಿಯಲ್ಲ.

ತರಬೇತಿಯ ಮಾತು ಹೆಚ್ಚು ಕಠಿಣ. 2014ರ ನಿಯಮಗಳಂತೆ ಎಂ.ಬಿ.ಬಿ.ಎಸ್. ಓದಿದವರಿಗೆ ಆರು ತಿಂಗಳ ಸ್ಕ್ಯಾನಿಂಗ್ ತರಬೇತಿ ಇದೆ. ಆದರೆ ಅದು ಹೊಟ್ಟೆ ಮತ್ತು ಕಿಬ್ಬೊಟ್ಟೆಗೆ ಸಂಬಂಧಿಸಿದ್ದು, ಹೃದಯಕ್ಕಲ್ಲ. ಹೃದಯ ನೋಡುವ ನಾಲ್ಕೈದು ಪ್ರಶ್ನೆಗಳಿಗೆಂದೇ ಒಂದು ಸಣ್ಣ ಪಾಠಕ್ರಮವನ್ನು ಸರ್ಕಾರ ಗೊತ್ತುಮಾಡಿ, ಅದನ್ನು ಮುಗಿಸಿದ ತುರ್ತು ಕೋಣೆಯ ವೈದ್ಯರಿಗೆ ಸ್ಪಷ್ಟ ಅನುಮತಿ ಕೊಡಬೇಕು. ರಾಯಚೂರಿನ ರಿಮ್ಸ್‌ನಂಥ ವೈದ್ಯಕೀಯ ಕಾಲೇಜು, ಕಲಬುರಗಿಯ ಜಯದೇವ ಶಾಖೆ ಇದಕ್ಕೆ ತಕ್ಕ ಸ್ಥಳಗಳು. ಎರಡು ದಿನದ ಶಿಬಿರದಲ್ಲಿ ಪ್ರಮಾಣಪತ್ರ ಹಂಚಿದರೆ ಆಗದು. ತಜ್ಞರ ಕಣ್ಣೆದುರು ಹಲವಾರು ರೋಗಿಗಳನ್ನು ನೋಡಿ, ತನ್ನ ಉತ್ತರವನ್ನು ಅವರ ಉತ್ತರದ ಜೊತೆ ತಾಳೆ ಹಾಕಿಯೇ ಕಲಿಯಬೇಕು. ಅರೆಬರೆ ಕಲಿತವನ ಕೈಯಲ್ಲಿ ಈ ಯಂತ್ರ, ಯಂತ್ರ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಇಲ್ಲದವನು ಸಂಶಯದಿಂದ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾನೆ. ಅರ್ಧ ಕಲಿತವನು ‘ಹಾರ್ಟು ಚೆನ್ನಾಗಿದೆ, ಮನೆಗೆ ಹೋಗಿ’ ಎಂದುಬಿಡುತ್ತಾನೆ.

ಆ ದಿನ ಬರುವವರೆಗೆ ನೀವು ಮಾಡಬಹುದಾದದ್ದೂ ಇದೆ. ಮನೆಯಲ್ಲಿ ಯಾರಿಗಾದರೂ ದಮ್ಮು ಹತ್ತಿದರೆ ಬಾಟ್ಲಿ ಹಚ್ಚಿ ಎಂದು ಒತ್ತಾಯ ಮಾಡಬೇಡಿ. ವೈದ್ಯರು ತಾವಾಗಿಯೇ ಹಚ್ಚಲು ಹೊರಟರೆ ‘ಹಾರ್ಟು ನೋಡಿದ್ರಾ ಸಾಹೇಬ್ರ?’ ಎಂದು ಕೇಳಿ, ತಪ್ಪಿಲ್ಲ. ಮಲಗಿದಾಗ ಹೆಚ್ಚಾಗಿ ಕೂತಾಗ ಕಡಿಮೆಯಾಗುವ ದಮ್ಮು, ನಡುರಾತ್ರಿ ಎಬ್ಬಿಸುವ ದಮ್ಮು, ಜೊತೆಗೆ ಎರಡೂ ಕಾಲು ಬಾತಿರುವುದು, ಇವನ್ನು ಮರೆಯದೆ ಹೇಳಿ. ಇಂಥ ರೋಗಿಯನ್ನು ವಾಹನದಲ್ಲಿ ಮಲಗಿಸಿ ಒಯ್ಯಬೇಡಿ, ಒರಗಿಸಿ ಕೂರಿಸಿ. ಬಸುರಿಯ ದಮ್ಮು ನಾಲ್ಕು ಹೆಜ್ಜೆಗೇ ಬಂದರೆ, ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತೆಂದು ತವರಿನವರು ಹೇಳಿದರೆ, ಎಷ್ಟೇ ದೂರವಾದರೂ ಒಮ್ಮೆ ಪೂರ್ಣ ಎಕೋ ಮಾಡಿಸಿ. ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಕೊಡುವ ಪೆನ್ಸಿಲಿನ್ ಇಂಜೆಕ್ಷನ್ನನ್ನು ಸೊಂಟ ನೋಯುತ್ತದೆಂದು ನಡುವೆ ಬಿಡಿಸಬೇಡಿ. ವೈದ್ಯರು ಸಾಕು ಎನ್ನುವವರೆಗೆ, ಅಂದರೆ ಹಲವು ವರ್ಷಗಳ ಕಾಲ, ಅದು ಬೇಕು.

ಎಕೋ ಮಾಡಿಸಿಕೊಂಡು ಬಂದವರು ಇನ್ನೊಂದು ಕಾರಣಕ್ಕೂ ಹೆದರುವುದನ್ನು ಕಂಡಿದ್ದೇನೆ. ವರದಿಯಲ್ಲಿ ‘ಇ.ಎಫ್. 60 ಪರ್ಸೆಂಟ್’ ಎಂದು ಬರೆದಿರುತ್ತದೆ. ‘ಹಾರ್ಟು ಅರವತ್ತ ಪರ್ಸೆಂಟ್ ಅಷ್ಟ ಕೆಲಸ ಮಾಡಾಕತ್ತೈತಂತ್ರಿ, ನಲವತ್ತು ಹೋಗೈತಿ’ ಎಂದು ಮಗ ಕಣ್ಣೀರು ಹಾಕುತ್ತಾನೆ. ಹಾಗಲ್ಲ. ಎಡ ಹೃತ್ಕುಕ್ಷಿ ಪ್ರತಿ ಬಡಿತದಲ್ಲಿ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬುದರ ಲೆಕ್ಕ ಅದು. ಆರೋಗ್ಯವಂತ ಹೃದಯವೂ ಪೂರ್ತಿ ಬರಿದಾಗುವುದಿಲ್ಲ. 55ರಿಂದ 70ರವರೆಗೆ ಇದ್ದರೆ ಸರಿಯೇ. 40ಕ್ಕಿಂತ ಕೆಳಗಿದ್ದರೆ ಪಂಪು ದುರ್ಬಲವಾಗಿದೆ ಎಂದರ್ಥ, ಅದಕ್ಕೂ ಈಗ ಒಳ್ಳೆಯ ಔಷಧಗಳಿವೆ. ಅಂದ ಹಾಗೆ, ಸಾಮಾನ್ಯ ಎಕೋಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ರೊಟ್ಟಿ ತಿಂದು, ದಿನದ ಮಾತ್ರೆ ನುಂಗಿ, ಹಳೆಯ ವರದಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೋದ ವರ್ಷದ ಅಂಕಿ ಪಕ್ಕದಲ್ಲಿದ್ದರೆ ಈ ವರ್ಷದ ಅಂಕಿಯಿಂದ ತಜ್ಞರಿಗೆ ಎರಡರಷ್ಟು ವಿಷಯ ತಿಳಿಯುತ್ತದೆ.